ಆಯಾ ನೇಮಕಕ್ಕೆ ಮುನ್ನ ಒಂದು ದಿನದ ಪರೀಕ್ಷೆ

ಹೆರಿಗೆ ರಜೆ ಮುಗಿಯುತ್ತಿದ್ದಂತೆ ಉದ್ಯೋಗಸ್ಥ ತಾಯಂದಿರ ಮನೆಗಳಲ್ಲಿ ಆಯಾಳ ಹುಡುಕಾಟ ಆರಂಭವಾಗುತ್ತದೆ. ಪರಿಚಯದವರು ಹೇಳಿದರು, ಒಳ್ಳೆಯ ಮನೆತನ ಎಂಬಷ್ಟಕ್ಕೇ ನಾವು ಮಗುವನ್ನು ಒಪ್ಪಿಸಿಬಿಡುತ್ತೇವೆ. ಸ್ವಭಾವ ಒಳ್ಳೆಯದಿರಬಹುದು; ಕೈಯಲ್ಲಿ ಕೆಲಸವಿದೆಯೇ ಎಂಬುದು ಬೇರೆ ಮಾತು.

ಆದುದರಿಂದ ದಿನದ ಸಂಬಳ ಕೊಟ್ಟೇ ಅವರನ್ನು ಒಮ್ಮೆ ಮನೆಗೆ ಕರೆಯಿರಿ. ತಾಯಿಯೋ ಅಜ್ಜಿಯೋ ಪಕ್ಕದಲ್ಲೇ ಇರಲಿ, ಆದರೆ ಹೇಳಿಕೊಡುವುದು ಬೇಡ. ಮಗುವನ್ನು ಎತ್ತುವ ಮೊದಲು ಸಾಬೂನು ಹಾಕಿ ಕೈ ತೊಳೆಯುತ್ತಾರೆಯೇ? ಸ್ನಾನದ ನೀರಿನ ಬಿಸಿಯನ್ನು ಮೊದಲು ತಮ್ಮ ಮೊಣಕೈಯಲ್ಲಿ ನೋಡುತ್ತಾರೆಯೇ? ನಡುವೆ ಮೊಬೈಲ್ ಬಡಿದುಕೊಂಡರೆ ಮಗುವನ್ನು ಬಿಟ್ಟು ಓಡುತ್ತಾರೆಯೇ? (ಬೇಕೆಂದೇ ಒಂದು ಕರೆ ಮಾಡಿ ನೋಡಿದರೂ ತಪ್ಪಲ್ಲ.) ಮಲಗಿಸುವುದು ಅಂಗಾತ, ದಿಂಬಿಲ್ಲದೆ. ಬಾಟಲಿಯಲ್ಲಿ ಉಳಿದ ಹಾಲನ್ನು ಮತ್ತೆ ಕುಡಿಸಬಾರದು.

ಬಳಿಕ ಒಂದು ಪ್ರಶ್ನೆ ಕೇಳಿ. ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ? ಕಾಣದ್ದನ್ನು ಬೆರಳು ಹಾಕಿ ಹುಡುಕುತ್ತೇನೆ, ನೀರು ಕುಡಿಸುತ್ತೇನೆ ಎಂದರೆ ಎರಡೂ ಅಪಾಯ. ವರ್ಷದೊಳಗಿನ ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ ತಲೆ ತಗ್ಗಿಸಿ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಪೆಟ್ಟು, ಅಂಗಾತ ಮಾಡಿ ಎದೆಯ ನಡುವೆ 5 ಬಾರಿ ಒತ್ತು. ವಸ್ತು ಹೊರಬರುವ ತನಕ ಹೀಗೆಯೇ. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಬೊಂಬೆಯ ಮೇಲೆ ಮಾಡಿಸಿ ನೋಡಿ. ಬಾರದಿದ್ದರೆ ಕಲಿಸಬಹುದು. ನಮ್ಮಲ್ಲಿ ಎಷ್ಟು ತಂದೆತಾಯಂದಿರಿಗೆ ಇದು ಗೊತ್ತಿದೆಯೋ!

ಇನ್ನು, ಊರಿನಿಂದ 14 ತುಂಬದ ಹುಡುಗಿಯನ್ನು 'ಮಗು ಆಡಿಸಲು' ತಂದಿಟ್ಟುಕೊಳ್ಳುವುದು 2006ರಿಂದಲೇ ಕಾನೂನಿಗೆ ವಿರುದ್ಧ.