ಮಿಲ್ಲರ್ ಎತ್ತಿಟ್ಟ ಸೀಸೆಗಳು

ಭೂಮಿ ಮೇಲೆ ಜೀವ ಶುರುವಾಗಿದ್ದು ಹೇಗೆ? 1952ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸ್ಟ್ಯಾನ್ಲಿ ಮಿಲ್ಲರ್ ಇದನ್ನ ಗಾಜಿನ ಫ್ಲಾಸ್ಕ್‌ನಲ್ಲಿ ಪರೀಕ್ಷೆ ಮಾಡಿದ್ರು. ಸಮುದ್ರಕ್ಕೆ ಕುದಿಯೋ ನೀರು, ಆಗಿನ ಗಾಳಿಗೆ ಮೀಥೇನ್, ಅಮೋನಿಯಾ, ಹೈಡ್ರೋಜನ್, ಮಿಂಚಿಗೆ ವಿದ್ಯುತ್ ಕಿಡಿ. ಒಂದೇ ವಾರದಲ್ಲಿ ನೀರು ಕೆಂಪಾಯ್ತು. ಅದರಲ್ಲಿ ಅಮೈನೋ ಆಮ್ಲಗಳಿದ್ದವು, ಅಂದ್ರೆ ಪ್ರೋಟೀನ್ ಕಟ್ಟೋ ಇಟ್ಟಿಗೆಗಳು.

ಆಮೇಲೆ ತಕರಾರು ಬಂತು: ಆಗಿನ ಗಾಳಿ ಹಾಗಿರಲೇ ಇಲ್ವೇನೋ ಅಂತ. 2007ರಲ್ಲಿ ಮಿಲ್ಲರ್ ತೀರಿಕೊಂಡ್ರು. ಜ್ವಾಲಾಮುಖಿ ಮಾದರಿಯ ಪ್ರಯೋಗದಿಂದ ಅವರು ಎತ್ತಿಟ್ಟಿದ್ದ ಹಳೇ ಸೀಸೆಗಳನ್ನ ಅವರ ಶಿಷ್ಯ ಜೆಫ್ರಿ ಬಾಡಾ ತಂಡ ಮತ್ತೆ ಪರೀಕ್ಷಿಸಿತು. 2008ರ ಫಲಿತಾಂಶ: 22 ಅಮೈನೋ ಆಮ್ಲ! ಅಂದ್ರೆ ಜ್ವಾಲಾಮುಖಿಗಳ ಸುತ್ತಲಾದ್ರೂ ಇದು ನಡೆದಿರಬಹುದು.

ಆದ್ರೆ ಇಟ್ಟಿಗೆ ಬಂದ ಮಾತ್ರಕ್ಕೆ ಮನೆ ಆಗಲ್ಲ. ತನ್ನನ್ನ ತಾನೇ ನಕಲು ಮಾಡ್ಕೊಳ್ಳೋ ಅಣು ಹೇಗೆ ಬಂತು? ಹುಡುಕಾಟ ಈಗಲೂ ನಡೀತಿದೆ.