ಬಸ್ಸಿಗೆ ಗಾಳಿ ಬೇಕು, ಹಳೇ ಕಾರಿಗೆ ಬೇಡ!

ಯಲಹಂಕದಲ್ಲಿ ಬಸ್ಸು ಬಂದು ನಿಂತಾಗ 'ಟುಸ್' ಅಂತ ಸದ್ದು ಬರುತ್ತದಲ್ಲ, ಅದು ಬ್ರೇಕಿನ ಗಾಳಿ. ದೊಡ್ಡ ಬಸ್ಸು, ಲಾರಿಗಳ ಚಕ್ರ ಹಿಡಿದು ನಿಲ್ಲಿಸುವುದು ಗಾಳಿಯ ಬಲವೇ. ಆದರೆ ಅದೇ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಹೊರಡುವ ಹಳೇ ಅಂಬಾಸಿಡರ್, ಮೋರಿಸ್ ಮೈನರುಗಳ ಕಥೆಯೇ ಬೇರೆ. ಅವುಗಳ ಬ್ರೇಕ್ ಪೈಪಿಗೆ ಗಾಳಿ ಹೊಕ್ಕಿತೋ, ಕೆಲಸ ಕೆಟ್ಟಿತು!

ಕಾರಣ ಸರಳ. ಈ ಕಾರುಗಳಲ್ಲಿ ಪೆಡಲಿನಿಂದ ಚಕ್ರದವರೆಗೆ ಬಲ ಸಾಗಿಸುವುದು ಬ್ರೇಕ್ ಆಯಿಲ್. ಎಣ್ಣೆಯನ್ನು ಎಷ್ಟೇ ಒತ್ತಿ, ಅದು ಕುಗ್ಗೋದಿಲ್ಲ. ಒತ್ತಿದ್ದೆಲ್ಲ ನೇರ ಚಕ್ರಕ್ಕೆ ಹೋಗುತ್ತದೆ. ಗಾಳಿ ಹಾಗಲ್ಲ, ಸ್ಪಂಜಿನ ಥರ ಕುಗ್ಗುತ್ತದೆ. ಕಾಲು ಕೆಳಗೆ ಹೋಗುತ್ತದೆ, ಕಾರು ಮಾತ್ರ ಮುಂದಕ್ಕೆ ಹೋಗುತ್ತದೆ. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಬ್ರೇಕು ಹಿಡಿಯಿತು ಅಂದರೆ ಅನುಮಾನ ಪಡಬೇಕಾದ ಕಾಲ ಬಂತು ಎಂದೇ ಅರ್ಥ.

1921ರ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಎಣ್ಣೆ ಬ್ರೇಕು ಬಂತು. ನೂರು ವರ್ಷ ಕಳೆದರೂ ಪೈಪಿನಿಂದ ಗಾಳಿ ತೆಗೆಯುವ ವಿದ್ಯೆ ಹೆಚ್ಚು ಬದಲಾಗಿಲ್ಲ. ಒಂದು ಸ್ಪ್ಯಾನರ್, ಒಂದು ಪಾರದರ್ಶಕ ಟ್ಯೂಬು, ಒಂದು ಬಾಟಲಿ, ಇಬ್ಬರು ಮನುಷ್ಯರು. ಅಷ್ಟೇ.

ಒತ್ತು... ಹಿಡಿ... ಬಿಡು!

ಗ್ಯಾರೇಜಿನಲ್ಲಿ ಮೇಸ್ತ್ರಿ ಚಕ್ರದ ಹಿಂದೆ, ಹುಡುಗ ಸ್ಟಿಯರಿಂಗ್ ಮುಂದೆ. ಟ್ಯೂಬಿನ ಒಂದು ತುದಿ ಚಕ್ರದ ಹಿಂಬದಿಯ ನಿಪ್ಪಲಿಗೆ, ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು.

"ಒತ್ತೋ!"

"ಒತ್ತಿದೀನಿ ಅಣ್ಣ."

"ಹಂಗೇ ಹಿಡ್ಕೊ, ನಾನು ಹೇಳೋ ತನಕ ಕಾಲು ತೆಗೀಬೇಡ!"

ಆಗ ನಿಪ್ಪಲ್ ಸಡಿಲಿಸಿದರೆ ಕೊಳಕು ಎಣ್ಣೆಯ ಜೊತೆ ಗುಳ್ಳೆಗಳು ಬುಳುಬುಳು ಅಂತ ಹೊರಬರುತ್ತವೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ "ಬಿಡು" ಅನ್ನಬೇಕು. ಹುಡುಗ ಮೊದಲೇ ಕಾಲೆತ್ತಿದರೆ ಹೋದ ಗಾಳಿ ಮತ್ತೆ ಒಳಗೆ! ಗುಳ್ಳೆ ನಿಂತು ತಿಳಿ ಎಣ್ಣೆ ಬರುವ ತನಕ ಇದೇ ಆಟ.

ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರಕ್ಕೆ ಮೊದಲ ಸರದಿ ಅನ್ನೋದು ವಾಡಿಕೆ. ನಮ್ಮ ಬಲಗಡೆ ಸ್ಟಿಯರಿಂಗ್ ಕಾರುಗಳಲ್ಲಿ ಅದು ಹಿಂದಿನ ಎಡ ಚಕ್ರ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಡುವೆ ಮಾಸ್ಟರ್ ಸಿಲಿಂಡರಿನ ಎಣ್ಣೆ ಬರಿದಾಗಲು ಬಿಡಬಾರದು. ಮೋರಿಸ್ ಮೈನರಿನಲ್ಲಿ ಅದು ಡ್ರೈವರ್ ಕಾಲಡಿಯ ನೆಲದ ಕೆಳಗೆ ಅಡಗಿ ಕೂತಿರುತ್ತದೆ. ಮ್ಯಾಟ್ ಎತ್ತಿ ನೋಡುವ ಅಭ್ಯಾಸ ಇಲ್ಲದವರು ಮರೆಯುವುದು ಇಲ್ಲಿಯೇ.

ಎಣ್ಣೆ ಅಂದರೆ ಯಾವುದೋ ಎಣ್ಣೆ ಅಲ್ಲ. ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರು ಊದಿಕೊಂಡು ಹಾಳಾಗುತ್ತದೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಬಾಡಿ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು. ಬಾಟಲಿಗೆ ಬಂದ ಹಳೇ ಎಣ್ಣೆಯನ್ನು ಮತ್ತೆ ಸುರಿಯುವ ಜಿಪುಣತನವಂತೂ ಬೇಡವೇ ಬೇಡ.

ಬೆಟ್ಟ ಇಳಿಯುವಾಗ ಗೊತ್ತಾಗುತ್ತೆ

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್-3 ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತೇವ ಹೀರಿದ ಎಣ್ಣೆಗೆ ಈ ಮಿತಿ 140ಕ್ಕೆ ಇಳಿಯಬಹುದು. ನಂದಿಬೆಟ್ಟದ ಎತ್ತರ 1,478 ಮೀಟರ್. ಆ ತಿರುವುಗಳಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ಮು ಕಾಯುತ್ತದೆ, ಹಳೇ ಎಣ್ಣೆ ಕುದಿದು ಆವಿಯಾಗುತ್ತದೆ, ಪೆಡಲು ನೆಲಕ್ಕೆ ತಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ ಅಂತ ಹಿರಿಯ ಡ್ರೈವರುಗಳು ಹೇಳೋದು ಸುಮ್ಮನೆ ಅಲ್ಲ.

ಇನ್ನೊಂದು ಅಪಾಯವಿದೆ. ಇಂಥ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆ ದಾರಿ. ಒಂದು ಕಡೆ ಒಡೆದರೆ ನಾಲ್ಕೂ ಹೋಯಿತು. ಉಳಿಯೋದು ಹ್ಯಾಂಡ್ ಬ್ರೇಕ್ ಒಂದೇ. ಗಾಳಿ ತೆಗೆದ ಮೇಲೂ ಎಣ್ಣೆ ಇಳಿಯುತ್ತಿದ್ದರೆ, ಚಕ್ರದ ಒಳಮೈ ಒದ್ದೆಯಾಗಿದ್ದರೆ, ಅದು ಸೋರಿಕೆ. ಎಷ್ಟು ಸಲ ಗಾಳಿ ತೆಗೆದರೂ ಸೋರಿಕೆ ನಿಲ್ಲೋದಿಲ್ಲ, ರಬ್ಬರು ಬದಲಿಸಲೇಬೇಕು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರಿನಲ್ಲಿ 'ವಿಎ' ಅಕ್ಷರ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ್ಯಾಲಿ, ಪ್ರದರ್ಶನ, ರಿಪೇರಿಗೆ ಓಡಿಸಬಹುದು. ಆದರೆ ವರ್ಷಕ್ಕೆ ನಾಲ್ಕೇ ಸಲ ಹೊರಡುವ ಕಾರಿನಲ್ಲೇ ಎಣ್ಣೆ ಹಳೆಯದಾಗೋದು, ಸಿಲಿಂಡರಿಗೆ ತುಕ್ಕು ಹಿಡಿಯೋದು ಹೆಚ್ಚು. ನಿಂತ ಕಾರು ಕೆಡೋದಿಲ್ಲ ಅನ್ನೋದು ಭ್ರಮೆ.

ಕಾರಿಗೆ ಪಾಲಿಶ್ ಹೊಡೆಯೋದು ಮಾಲೀಕರ ಖುಷಿ, ಅವರ ಸ್ವಂತ ವಿಚಾರ. ಬ್ರೇಕು ಹಾಗಲ್ಲ. ಹೆಬ್ಬಾಳದ ಮೇಲ್ಸೇತುವೆ ಇಳಿಜಾರಿನಲ್ಲಿ ಮುಂದಿರುವ ಸ್ಕೂಟರಿನವರು, ರಸ್ತೆ ದಾಟುವ ಶಾಲೆ ಮಕ್ಕಳು, ಎಲ್ಲರೂ ಆ ಪೆಡಲನ್ನು ನಂಬಿಯೇ ಓಡಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ, ಗಾಳಿ ತೆಗೆಸಿ, ಗ್ಯಾರೇಜಿನ ಅಂಗಳದಲ್ಲೇ ನಿಲ್ಲಿಸಿ ನೋಡಿ, ಆಮೇಲೆ ರಸ್ತೆಗಿಳಿಯಲಿ. ಹಾರ್ನ್ ಕೆಟ್ಟರೆ ಕೂಗಿಯಾದರೂ ದಾರಿ ಕೇಳಬಹುದು. ಬ್ರೇಕು ಕೆಟ್ಟರೆ?