ಪ್ರಧಾನಿಯಾಗದ ಶಾಸಕ

1996ರ ಜೂನ್ 1ರಂದು ನಮ್ಮ ದೇವೇಗೌಡರು ಪ್ರಧಾನಿಯಾದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅದೇ ಕುರ್ಚಿಗೆ ಕಲ್ಕತ್ತೆಯ ಜ್ಯೋತಿ ಬಸು ಅವರನ್ನು ಕರೆದಿದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1914ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬಸು, ಲಂಡನ್ನಿನಲ್ಲಿ ಬ್ಯಾರಿಸ್ಟರಿ ಓದಿ 1940ರಲ್ಲಿ ಮರಳಿದರು. ಕೋರ್ಟು ಬಿಟ್ಟು ರೈಲ್ವೆ ಕಾರ್ಮಿಕರ ಸಂಘಟನೆಗೆ ನಿಂತರು. 1946ರಲ್ಲಿ ಆ ಕಾರ್ಮಿಕರೇ ಅವರನ್ನು ಬಂಗಾಳದ ವಿಧಾನಸಭೆಗೆ ಕಳಿಸಿದರು. 1952ರಿಂದ ನಗರದ ಉತ್ತರದಂಚಿನ ಬಾರಾನಗರದಲ್ಲಿ ಸತತ ಗೆಲುವು. 1972ರಲ್ಲಿ ಅಲ್ಲೇ ಸೋಲು. 1977ರಲ್ಲಿ ಸಾತ್‌ಗಾಛಿಯಾದಿಂದ ಗೆದ್ದು ಮುಖ್ಯಮಂತ್ರಿಯಾದರು. 2000ದ ನವೆಂಬರ್‌ವರೆಗೆ, 23 ವರ್ಷ ಆಳಿದರು. ಸಂಸತ್ ಸದಸ್ಯರು ಮಾತ್ರ ಎಂದೂ ಆಗಲಿಲ್ಲ.

1996ರಲ್ಲಿ ದಿಲ್ಲಿಯಿಂದ ಕರೆ ಬಂದಾಗ ಅವರ ಪಕ್ಷದ ಕೇಂದ್ರ ಸಮಿತಿ ಬೇಡವೆಂದಿತು. ಬಸು ಒಪ್ಪಿಕೊಂಡರು. ಆಮೇಲೆ ಅದನ್ನು ಐತಿಹಾಸಿಕ ಪ್ರಮಾದವೆಂದು ಕರೆದರೂ, 2010ರಲ್ಲಿ ತೀರಿಕೊಳ್ಳುವವರೆಗೆ ಪಕ್ಷ ಬಿಡಲಿಲ್ಲ.

ವಾಣಿಜ್ಯ ಓದುವ ನನಗೆ ಇದು ಲಾಭವೋ ನಷ್ಟವೋ ಲೆಕ್ಕ ಹತ್ತೋದಿಲ್ಲ. ಓಟು ಹಾಕಿದ್ದು ಜನ, ಬೇಡವೆಂದದ್ದು ಸಮಿತಿ. ಇದು ಸರಿಯೇ ಅಂತ ನೀವು ಕೇಳಬಹುದು, ನಾನೂ ಕೇಳುತ್ತೇನೆ. ಆದರೆ ಮಂತ್ರಿಗಿರಿಗಾಗಿ ಪಕ್ಷ ಬದಲಿಸುವ ಶಾಸಕರನ್ನು ಕಾಣುವಾಗಲೆಲ್ಲ, ಪ್ರಧಾನಿ ಪಟ್ಟ ತಪ್ಪಿದರೂ ಪಕ್ಷದಲ್ಲೇ ಉಳಿದ ಈ ಶಾಸಕ ನೆನಪಾಗುತ್ತಾರೆ.